3,000 ಜೊತೆ ಹಬ್‌ಗಳ ಆರ್ಡರ್: ಒಪ್ಪಿಕೊಳ್ಳಲಾ, ಬಿಡಲಾ?

ಪ್ರಶ್ನೆ: ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. ಎರಡು ಸಿಎನ್‌ಸಿ ಲೇತ್, ಒಂದು ವಿಎಂಸಿ (ಮೂರೂ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಮಿಷಿನ್), ಒಂಬತ್ತು ಜನ. ಮೊದಲು ಗಾಡಿ ಬಿಡಿಭಾಗಗಳ ಜಾಬ್‌ವರ್ಕ್ (ಬೇರೆಯವರಿಗೆ ಕೂಲಿಗೆ ಕೊರೆದು ಕೊಡುವುದು) ಮಾತ್ರ ಮಾಡುತ್ತಿದ್ದೆವು, ಗಂಟೆಗೆ 600 ರೂಪಾಯಿ ದರ. 2019ರಿಂದ ನಮ್ಮದೇ ಹೆಸರಿನಲ್ಲಿ ದುಬಾರಿ ಸೈಕಲ್‌ಗಳಿಗೆ ಹಬ್ ಮಾಡುತ್ತಿದ್ದೇವೆ. ಮುಂದಿನದು, ಹಿಂದಿನದು ಸೇರಿ ಒಂದು ಜೊತೆಗೆ 14,000 ರೂಪಾಯಿ. 2021ರಲ್ಲಿ ಮಾಡಿದ್ದೆಲ್ಲ ಮಾರಿಹೋಯಿತು. ಆ ಧೈರ್ಯದಲ್ಲಿ ಸಾಲ ಮಾಡಿ ವಿಎಂಸಿ ತಂದೆವು. ಈಗ 640 ಜೊತೆ ಹಾಗೇ ಬಿದ್ದಿವೆ. ಒಂದು ದೊಡ್ಡ ಸೈಕಲ್ ಕಂಪನಿ ವರ್ಷಕ್ಕೆ 3,000 ಜೊತೆ ಕೇಳುತ್ತಿದೆ. ಒಂದು ಜೊತೆಗೆ 5,200 ರೂಪಾಯಿ, ಹಣ 90 ದಿನಕ್ಕೆ. ನಮ್ಮ ಖರ್ಚು 4,100, ಮಿಷಿನ್ ಮೇಲೆ 2 ಗಂಟೆ 20 ನಿಮಿಷದ ಕೆಲಸ. 1,100 ಉಳಿಯುತ್ತೆ. ಒಪ್ಪಿಕೊಳ್ಳಲಾ? ಇಲ್ಲವೇ ತೈವಾನ್‌ನಿಂದ ಹಬ್ ತರಿಸಿ ನಮ್ಮ ಹೆಸರು ಹಾಕಿ 6,000ಕ್ಕೆ ಮಾರಲಾ? ಎಕ್ಸ್‌ಪೋರ್ಟ್‌ಗೆ ಇಳಿಯಲಾ? ಮನೆಯಲ್ಲಿ "ಸೈಕಲ್ ಸಹವಾಸ ಸಾಕು, ಮತ್ತೆ ಜಾಬ್‌ವರ್ಕ್ ಮಾಡಿ" ಅನ್ನುತ್ತಿದ್ದಾರೆ. ಒಂದು ಹಿಂದಿನ ಹಬ್ ಕಳಿಸಿದ್ದೇನೆ, ನೋಡಿ.

ಉತ್ತರ:

ಮೊದಲು ಹಬ್ ವಿಷಯ. ಬೇರೆ ಓದುಗರಿಗಾಗಿ ಒಂದು ಮಾತು: ಹಬ್ ಅಂದರೆ ಚಕ್ರದ ಕಡ್ಡಿಗಳೆಲ್ಲ ಬಂದು ಸೇರುವ ನಡುವಿನ ಭಾಗ. ಒಳಗೆ ಅಚ್ಚು, ಬೇರಿಂಗು. ಹಿಂದಿನ ಹಬ್ಬಿಗೆ ಫ್ರೀಹಬ್ ಅಂತ ಇನ್ನೊಂದು ತುಂಡು ಇರುತ್ತೆ. ಪೆಡಲ್ ತುಳಿದರೆ ಕಚ್ಚುವುದು, ಬಿಟ್ಟರೆ ಟಿರ್ರ್ ಅಂತ ಸದ್ದು ಮಾಡುವುದು ಅದೇ.

ನಿಮ್ಮ ಹಬ್ ಕೈಗೆ ತೆಗೆದುಕೊಂಡ ತಕ್ಷಣ ಖುಷಿಯಾಯಿತು. ಟೂಲಿನ ಗೆರೆ ಎಲ್ಲೂ ಕಾಣುವುದಿಲ್ಲ. ಕಡ್ಡಿ ತೂತುಗಳ ಅಂಚು ನೀಟಾಗಿ ಮುರಿದಿದ್ದೀರಿ. ಅಚ್ಚು ಹಿಡಿದು ತಿರುಗಿಸಿದೆ. ಬಲಗಡೆ ಬೆಣ್ಣೆ. ಎಡಗಡೆ ಮಾತ್ರ ಬೆರಳಿಗೆ ಸಣ್ಣಗೆ ಗರಗರ ಅನ್ನಿಸಿತು. ಬೇರಿಂಗ್ ಹೊರಗೆ ತೆಗೆದು ಅದು ಕೂರುವ ಕುಳಿ, ಅಂದರೆ ಬೋರ್ ಅಳೆದೆ. ಬಲಗಡೆ 27.985 ಮಿಲಿಮೀಟರ್. ಎಡಗಡೆ 27.970. ನೀವು ಹಾಕಿರುವುದು 6902 ಬೇರಿಂಗು, ಅದರ ಹೊರ ಅಳತೆ 28. ಅಂದರೆ ಬಲಗಡೆ ಬೇಕಾದಷ್ಟೇ ಬಿಗಿ, ಎಡಗಡೆ ಅದರ ಎರಡರಷ್ಟು ಬಿಗಿ. ಬೇರಿಂಗಿನ ಹೊರ ಉಂಗುರ ಹಿಸುಕಿ ಒಳಗಿನ ಗೋಲಿಗಳಿಗೆ ಉಸಿರು ಕಟ್ಟಿದೆ.

ಈ 15 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ 15 ಪಾಲು) ಎಲ್ಲಿಂದ ಬಂತು ಗೊತ್ತಾ? ನಿಮ್ಮ ಲೇತ್‌ನಿಂದ ಅಲ್ಲ. ಎಡಗಡೆ ಬೋರ್ ಒಳಗೂ ಬಣ್ಣ ಇದೆ, ನೋಡಿ. ಆನೊಡೈಸಿಂಗ್ (ಅಲ್ಯೂಮಿನಿಯಂ ಮೇಲೆ ಕರೆಂಟಿನಿಂದ ಗಟ್ಟಿ ಪದರ ಬೆಳೆಸಿ ಬಣ್ಣ ಕೊಡುವುದು) ಮಾಡುವಾಗ ಬೋರ್‌ಗೆ ರಬ್ಬರ್ ಬಿರಡೆ ಹಾಕಬೇಕು. ಒಂದು ಕಡೆ ಹಾಕಿದ್ದಾರೆ, ಇನ್ನೊಂದು ಕಡೆ ಸಡಿಲವಾಗಿದೆ ಅಥವಾ ಮರೆತಿದ್ದಾರೆ. ಆನೊಡೈಸಿಂಗ್ ಪದರದ ಹೆಚ್ಚು ಕಡಿಮೆ ಅರ್ಧ ಭಾಗ ಲೋಹದ ಮೇಲಕ್ಕೆ ಬೆಳೆಯುತ್ತೆ. ಪದರ 15 ಮೈಕ್ರಾನ್ ಅಂದರೆ ಎರಡೂ ಪಕ್ಕ ಸೇರಿ ವ್ಯಾಸದಲ್ಲಿ ಅಷ್ಟೇ ಕಡಿಮೆಯಾಗುತ್ತೆ. ತಲೆಕೂದಲಿನ ಐದನೇ ಒಂದು ಭಾಗ. ಆದರೆ ಇದೇ ಬೇರಿಂಗು ಆರು ತಿಂಗಳಿಗೆ ಸದ್ದು ಮಾಡುತ್ತೆ, ಗಿರಾಕಿ "14,000 ಕೊಟ್ಟು ತಗೊಂಡೆ" ಅಂತ ನಾಲ್ಕು ಜನರ ಮುಂದೆ ಹೇಳುತ್ತಾನೆ. 640 ಜೊತೆಯಲ್ಲಿ ಇಂಥವು ಎಷ್ಟಿವೆ ಅಂತ ಮೊದಲು ನೋಡಿ. ಬೋರ್ ಗೇಜ್ ಹಿಡಿದು ಇಬ್ಬರು ಕೂತರೆ ಎರಡು ದಿನದ ಕೆಲಸ. ಆರ್ಡರ್ ಮಾತು ಆಮೇಲೆ.

ಈಗ ಆರ್ಡರ್. ನಾನು ಹದಿನೈದು ವರ್ಷ ಮೇಜಿನ ಆಚೆ ಬದಿ ಕೂತವನು, ಸೈಕಲ್ ಕಂಪನಿಯ ಪರ್ಚೇಸ್‌ನಲ್ಲಿ. ನಿಮಗೆ ಬಂದಿರುವಂಥ ಪತ್ರಗಳನ್ನು ನಾನೇ ಎಷ್ಟೋ ಬರೆದಿದ್ದೇನೆ. ಹಾಗಾಗಿ ನೇರವಾಗಿ ಹೇಳುತ್ತೇನೆ: ಬಂದಿರುವ ರೂಪದಲ್ಲಿ ಒಪ್ಪಿಕೊಳ್ಳಬೇಡಿ.

ನಿಮ್ಮ ಲೆಕ್ಕದಲ್ಲಿ ಜೊತೆಗೆ 1,100 ಉಳಿಯುತ್ತೆ. ಆದರೆ ಆ 4,100ರಲ್ಲಿ ಅಲ್ಯೂಮಿನಿಯಂ, ಬೇರಿಂಗು, ಅಚ್ಚಿನ ಉಕ್ಕು, ಹಾರ್ಡನಿಂಗ್, ಆನೊಡೈಸಿಂಗ್, ಇನ್ಸರ್ಟು (ಕೊರೆಯುವ ಟೂಲಿನ ತುದಿ), ಡಬ್ಬ ಇವೆ. ಮಿಷಿನ್ ಇಲ್ಲ. ಎರಡು ಗಂಟೆ 20 ನಿಮಿಷ ಅದೇ ಮಿಷಿನ್ ಜಾಬ್‌ವರ್ಕ್ ಮಾಡಿದ್ದರೆ 1,400 ರೂಪಾಯಿ ದುಡಿಯುತ್ತಿತ್ತು. ಅಂದರೆ ನಿಮ್ಮ ನಿಜವಾದ ಖರ್ಚು 5,500. ಮಾರುವುದು 5,200ಕ್ಕೆ. ಒಂದೊಂದು ಜೊತೆಗೂ 300 ಕೈಯಿಂದ ಹಾಕುತ್ತಿದ್ದೀರಿ.

ಇನ್ನೂ ಮುಗಿದಿಲ್ಲ. ತಿಂಗಳಿಗೆ 250 ಜೊತೆ. ಬಾರ್ ತರಿಸಿ, ಮಿಷಿನಿಂಗ್ ಮಾಡಿ, ಪೀಣ್ಯಕ್ಕೆ ಕಳಿಸಿ ವಾಪಸ್ ತರಿಸಿ, ಜೋಡಿಸಿ ಕಳಿಸುವ ಹೊತ್ತಿಗೆ ಒಂದೂವರೆ ತಿಂಗಳು. ಆಮೇಲೆ ಅವರ 90 ದಿನ. ನಾಲ್ಕೂವರೆ ತಿಂಗಳ ಮಾಲು ಯಾವಾಗಲೂ ರಸ್ತೆಯಲ್ಲಿ. 1,125 ಜೊತೆ ಗುಣಿಸು 4,100. ಒರಟು ಲೆಕ್ಕಕ್ಕೆ 46 ಲಕ್ಷ ರೂಪಾಯಿ ನಿಮ್ಮದು ಅವರ ಹತ್ತಿರ. 11% ಬಡ್ಡಿಗೆ ವರ್ಷಕ್ಕೆ 5 ಲಕ್ಷ, ಅಂದರೆ ಒಂದು ಜೊತೆಗೆ ಸುಮಾರು 170 ರೂಪಾಯಿ. ಆ 300 ಮತ್ತು ಈ 170 ಸೇರಿಸಿ 3,000ದಿಂದ ಗುಣಿಸಿ. ವರ್ಷಕ್ಕೆ 14 ಲಕ್ಷ ಕೊಟ್ಟು ಕೆಲಸ ಮಾಡಿದ ಹಾಗೆ. ಇದರ ಮೇಲೆ ವರ್ಷಕ್ಕೆ 7,000 ಮಿಷಿನ್ ಗಂಟೆ ಹೋಗುತ್ತೆ. ಮೂರು ಮಿಷಿನ್, ಏಳೇಳು ಗಂಟೆಯ ಎರಡು ಶಿಫ್ಟ್, 300 ದಿನ ಲೆಕ್ಕ ಹಾಕಿದರೂ ನಿಮ್ಮ ಹತ್ತಿರ ಇರುವುದು 12,600 ಗಂಟೆ. ಅರ್ಧಕ್ಕಿಂತ ಜಾಸ್ತಿ ಒಬ್ಬನೇ ಗಿರಾಕಿಗೆ. ಹಳೆ ಜಾಬ್‌ವರ್ಕ್ ಪಾರ್ಟಿಗಳಿಗೆ "ಇಲ್ಲ" ಅನ್ನಬೇಕಾಗುತ್ತೆ. ಒಂದು ಸಲ ಇಲ್ಲ ಅಂದರೆ ಅವರು ಮತ್ತೆ ಬರುವುದಿಲ್ಲ ಅಂತ ನಿಮಗೇ ಗೊತ್ತು.

ಜಾಬ್‌ವರ್ಕ್ ಇಲ್ಲದೆ ಮಿಷಿನ್ ಖಾಲಿ ನಿಂತಿದ್ದರೆ ಈ ಲೆಕ್ಕ ಬೇರೆ, ಒಪ್ಪುತ್ತೇನೆ. ಖಾಲಿ ಮಿಷಿನ್ ಗಂಟೆಗೆ 600 ದುಡಿಯುವುದಿಲ್ಲ. ಆದರೆ ನೀವು ಖಾಲಿ ಇದೆ ಅಂತ ಬರೆದಿಲ್ಲ. ಮನೆಯವರ ಮಾತು ನೋಡಿದರೆ ಜಾಬ್‌ವರ್ಕ್ ಬರುತ್ತಲೇ ಇದೆ ಅನ್ನಿಸುತ್ತೆ.

ಎರಡನೇ ವರ್ಷ ಏನಾಗುತ್ತೆ ಅನ್ನುವುದು ನನಗೆ ಇನ್ನೂ ಚೆನ್ನಾಗಿ ಗೊತ್ತು. ನಾನೇ ಮಾಡಿದ ಪಾಪ ಹೇಳುತ್ತೇನೆ. ಪೀಣ್ಯದ ಒಬ್ಬ ಸಣ್ಣ ತಯಾರಕರಿಂದ ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಕಡೆ ಕೂರುವ ಬೇರಿಂಗ್ ಸೆಟ್) ತೆಗೆದುಕೊಳ್ಳುತ್ತಿದ್ದೆವು. ಒಳ್ಳೆ ಮಾಲು. ಮೊದಲ ವರ್ಷ ಮುಗಿದ ಮೇಲೆ ಮೇಲಿನವರು 8% ಇಳಿಸಲು ಹೇಳಿದರು. ನಾನು ತೈವಾನ್ ಕೊಟೇಷನ್ ಒಂದನ್ನು ಮುಂದಿಟ್ಟೆ. ಅವರು ಇಳಿಸಿದರು. ಮೂರನೇ ವರ್ಷ ಮಾರಾಟ ಬಿತ್ತು, ಆರ್ಡರನ್ನು "ಮುಂದೂಡಿದೆವು". ಅವರ ಶೆಡ್ಡಿನಲ್ಲಿ ನಮ್ಮ ಲೋಗೊ ಕೆತ್ತಿದ ಮಾಲು ಪೆಟ್ಟಿಗೆ ಪೆಟ್ಟಿಗೆ ಬಿದ್ದಿತ್ತು. ಬೇರೆ ಯಾರಿಗೂ ಮಾರುವಂತಿಲ್ಲ. ಕಾಗದದ ಪ್ರಕಾರ ನಾವು ಏನೂ ತಪ್ಪು ಮಾಡಿರಲಿಲ್ಲ. ಆ ಮನುಷ್ಯ ಈಗ ಬಾಗಿಲ ಕೀಲು ಮಾಡುತ್ತಾರೆ. ಸಿಕ್ಕರೆ ಚಹಾ ಕುಡಿಸುತ್ತಾರೆ, ನನಗೇ ಮುಖ ಎತ್ತಿ ನೋಡಲು ಆಗುವುದಿಲ್ಲ.

ಇದು ನಮ್ಮ ದೇಶದ ಕಥೆ ಮಾತ್ರ ಅಲ್ಲ. ಸೈಕಲ್ ಕಂಪನಿಗೆ ಬಿಡಿಭಾಗ ಮಾರುವ ವ್ಯವಹಾರವೇ ಹೀಗಿದೆ. ಜಪಾನಿನ ಬಿಡಿಭಾಗ ಕಂಪನಿ ಸನ್‌ಟೂರ್ ಹೆಸರು ನೀವು ಕೇಳಿರಬಹುದು. ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ತಳ್ಳುವ ಹಿಂದಿನ ಡೆರೇಲರ್‌ಗಳಲ್ಲಿ ಇವತ್ತಿಗೂ ಹೆಚ್ಚಿನವು ಅವರು 1964ರಲ್ಲಿ ಪೇಟೆಂಟ್ ಮಾಡಿದ ಓರೆ ಚೌಕಟ್ಟಿನ ಮೇಲೇ ನಿಂತಿವೆ. ಇಪ್ಪತ್ತು ವರ್ಷ ಬೇರೆ ಯಾರಿಗೂ ಅದು ಸಿಗಲಿಲ್ಲ. 1984ರಲ್ಲಿ ಪೇಟೆಂಟ್ ಮುಗಿಯಿತು. ಅದೇ ಹೊತ್ತಿಗೆ ಜಪಾನಿನದೇ ಇನ್ನೊಂದು ಬಿಡಿಭಾಗ ಕಂಪನಿ ಶಿಮಾನೊ ಆ ಚೌಕಟ್ಟು ಎತ್ತಿಕೊಂಡು, ಟಕ್ ಟಕ್ ಅಂತ ಗೇರ್ ಬೀಳುವ ತನ್ನ ವ್ಯವಸ್ಥೆ ಸೇರಿಸಿ, ಲಿವರ್‌ನಿಂದ ಚೈನ್‌ವರೆಗೆ ಪೂರ್ತಿ ಸೆಟ್ ಕೊಟ್ಟಿತು. ಸನ್‌ಟೂರ್ ಹತ್ತಿರ ಒಳ್ಳೆ ಡೆರೇಲರ್ ಇತ್ತು. ಶಿಮಾನೊ ಹತ್ತಿರ ಸೆಟ್ ಇತ್ತು. ಸೈಕಲ್ ಕಂಪನಿಗಳು ಸೆಟ್ ಕಡೆ ಹೋದವು, ಸನ್‌ಟೂರ್ ಕೆಲವೇ ವರ್ಷಗಳಲ್ಲಿ ಕೈ ಬದಲಾಯಿತು.

ಸೆಟ್‌ನ ಬಲ ಎಷ್ಟು ಅಂದರೆ 1990ರಲ್ಲಿ ಅಮೆರಿಕದ ಸ್ರ್ಯಾಮ್ ಕೋರ್ಟಿಗೇ ಹೋಯಿತು. ಆಗ ಅದು ಹ್ಯಾಂಡಲ್ ಮೇಲೆ ತಿರುಗಿಸಿ ಗೇರ್ ಬದಲಿಸುವ ಶಿಫ್ಟರ್ ಮಾತ್ರ ಮಾಡುವ ಮೂರು ವರ್ಷದ ಕೂಸು. ಪೂರ್ತಿ ಶಿಮಾನೊ ಹಾಕಿದ ಕಂಪನಿಗೆ ಶಿಮಾನೊ ಕೊಡುವ ರಿಯಾಯಿತಿಯಿಂದ ಸ್ರ್ಯಾಮ್‌ನ ಒಂದು ಭಾಗ ಹಾಕಿಕೊಂಡವರಿಗೆ ದಂಡ ಬಿದ್ದಂತಾಗುತ್ತೆ ಅನ್ನುವುದು ಅವರ ದೂರು. ಮರುವರ್ಷ ಕೋರ್ಟಿನ ಹೊರಗೆ ರಾಜಿಯಾಯಿತು. ಆಮೇಲೆ ಸ್ರ್ಯಾಮ್ ಏನು ಮಾಡಿತು? ಸ್ಯಾಕ್ಸ್‌ನ ಸೈಕಲ್ ವಿಭಾಗ, ರಾಕ್‌ಶಾಕ್ಸ್, ಅವಿಡ್, ಟ್ರುವಟಿವ್ ಹೀಗೆ ಬಿಡಿಭಾಗದವರನ್ನು ಒಂದೊಂದಾಗಿ ಕೊಂಡು ತಾನೂ ಸೆಟ್ ಮಾಡಿತು. ಅಂತರಸನಹಳ್ಳಿಯ ಒಂಬತ್ತು ಜನಕ್ಕೆ ಆ ದಾರಿ ಇಲ್ಲ, ಅಲ್ವಾ.

ಚಕ್ರದ ಕಡೆ ಬಂದರೆ ಇನ್ನೂ ಕಷ್ಟ. ದೊಡ್ಡ ಸೈಕಲ್ ಕಂಪನಿಗಳಿಗೆ ತಮ್ಮದೇ ಚಕ್ರದ ಹೆಸರುಗಳಿವೆ: ಟ್ರೆಕ್‌ಗೆ ಬಾಂಟ್ರೇಗರ್ ಇದೆ, ಸ್ಪೆಷಲೈಜ್ಡ್‌ಗೆ ರೋವಾಲ್ ಇದೆ, ಜೈಂಟ್ ತನ್ನದೇ ಚಕ್ರ ಹಾಕುತ್ತೆ. ಚಕ್ರಕ್ಕೆ ಹೆಸರಾದ ಫ್ರಾನ್ಸಿನ ಮ್ಯಾವಿಕ್ ಹುಟ್ಟಿದ್ದು 1889ರಲ್ಲಿ. ಟೂರ್ ಡಿ ಫ್ರಾನ್ಸ್ ರೇಸಿನಲ್ಲಿ ಚಕ್ರ ಕೆಟ್ಟವರಿಗೆ ನೆರವಾಗುವ ಅವರ ಹಳದಿ ಗಾಡಿ 2020ರವರೆಗೆ ದಶಕಗಳ ಕಾಲ ಓಡಿತು. ಅಂಥ ಕಂಪನಿ 2020ರಲ್ಲಿ ಸಾಲ ತೀರಿಸಲಾಗದೆ ಕೋರ್ಟ್ ಮೆಟ್ಟಿಲು ಹತ್ತಿ ಬೇರೆಯವರ ಪಾಲಾಯಿತು. ಸೈಕಲ್ ಕಂಪನಿಗಳು ಚಕ್ರವನ್ನು ಮನೆಯಲ್ಲೇ ಮಾಡಿಕೊಳ್ಳಲು ಶುರು ಮಾಡಿದ್ದು ಅದಕ್ಕೆ ಒಂದು ದೊಡ್ಡ ಕಾರಣ ಅಂತ ನನ್ನ ಲೆಕ್ಕ.

ಹಾಗಾದರೆ ಆ ಕಂಪನಿಗೆ ಏನು ಉತ್ತರ ಕೊಡಬೇಕು? "ಇಲ್ಲ" ಅನ್ನಬೇಡಿ. ವರ್ಷಕ್ಕೆ 600 ಜೊತೆ ಕೊಡುತ್ತೇವೆ ಅನ್ನಿ. ಒಂದೇ ಮಾಡೆಲ್, 32 ಕಡ್ಡಿ ತೂತು, ಕಪ್ಪು ಬಣ್ಣ. ಬೆಲೆ 6,800. ಕಚ್ಚಾ ಮಾಲಿನ ದುಡ್ಡು ಮುಂಗಡ, ಉಳಿದದ್ದು 45 ದಿನಕ್ಕೆ. ಹಬ್ ಮೇಲೆ ನಿಮ್ಮ ಹೆಸರೇ ಇರಬೇಕು. ಮುಕ್ಕಾಲು ಪಾಲು ಅವರು ಒಪ್ಪುವುದಿಲ್ಲ. ಒಪ್ಪಿದರೆ ನಿಮ್ಮ ಮಿಷಿನ್ ಗಂಟೆಯಲ್ಲಿ 1,400 ಮಾತ್ರ ಹೋಗುತ್ತೆ, ಒಂದೊಂದು ಜೊತೆಗೂ ಸಾವಿರದ ಮೇಲೆ ನಿಜವಾಗಿ ಉಳಿಯುತ್ತೆ. ನಾಳೆ ಅವರು ಕೈ ಬಿಟ್ಟರೂ ನಿಮ್ಮ ಹೆಸರಿನ ಮಾಲು ನೀವೇ ಮಾರಿಕೊಳ್ಳಬಹುದು.

45 ದಿನ ಅನ್ನುವುದು ನಾನು ಸುಮ್ನೆ ಹೇಳಿದ್ದಲ್ಲ. ನೀವು ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿದ್ದರೆ 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ಕೊಳ್ಳುವವರು 45 ದಿನದ ಮೇಲೆ ಹಣ ಇಟ್ಟುಕೊಳ್ಳುವಂತಿಲ್ಲ. ಒಪ್ಪಂದದಲ್ಲಿ 90 ಅಂತ ಬರೆದರೂ ಅಷ್ಟೇ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಯಾವ ಸಣ್ಣ ತಯಾರಕ ತನ್ನ ದೊಡ್ಡ ಗಿರಾಕಿ ಮೇಲೆ ದೂರು ಕೊಡುತ್ತಾನೆ? ಅದಕ್ಕಿಂತ 2023ರ ಬಜೆಟ್‌ನಲ್ಲಿ ಬಂದ ನಿಯಮ ಜಾಸ್ತಿ ಕೆಲಸಕ್ಕೆ ಬರುತ್ತೆ. ಮೈಕ್ರೋ ಮತ್ತು ಸಣ್ಣ ಘಟಕಕ್ಕೆ ಗಡುವು ದಾಟಿ, ಹಣಕಾಸು ವರ್ಷ ಮುಗಿದರೂ ಹಣ ಕೊಡದಿದ್ದರೆ ಕೊಳ್ಳುವ ಕಂಪನಿಗೆ ಆ ವರ್ಷ ಆ ಖರ್ಚು ತೆರಿಗೆ ಲೆಕ್ಕದಲ್ಲಿ ಸಿಗುವುದಿಲ್ಲ. ಇದನ್ನು ಅವರ ಪರ್ಚೇಸ್‌ನವರಿಗೆ ಹೇಳಬೇಡಿ, ಅಕೌಂಟ್ಸ್‌ನವರಿಗೆ ಹೇಳಿ. ಅವರಿಗೆ ಬೇಗ ಅರ್ಥವಾಗುತ್ತೆ.

ಇನ್ನು ಆ 640 ಜೊತೆ. ನಿಮ್ಮ ನಿಜವಾದ ಗಂಟು ಇರುವುದು ಇಲ್ಲಿ.

2021ರ ಭರಾಟೆ ನೋಡಿ ಮೋಸ ಹೋದವರು ನೀವೊಬ್ಬರೇ ಅಲ್ಲ. ಶಿಮಾನೊದ ವಹಿವಾಟು 2022ರಲ್ಲಿ ಸುಮಾರು 62,900 ಕೋಟಿ ಯೆನ್ ಇತ್ತು, ಮರುವರ್ಷ 47,400 ಕೋಟಿಗೆ ಬಿತ್ತು. ಒಂದೇ ವರ್ಷದಲ್ಲಿ ನಾಲ್ಕರಲ್ಲಿ ಒಂದು ಪಾಲು. ಕೊರೊನಾ ಕಾಲದಲ್ಲಿ ಸೈಕಲ್ ಕೊಂಡವನಿಗೆ ಮರುವರ್ಷ ಇನ್ನೊಂದು ಬೇಕಾಗಲಿಲ್ಲ. ಅಂಗಡಿಗಳು ಮಾತ್ರ ಹೆದರಿ ಎರಡೆರಡು ಕಡೆ ಆರ್ಡರ್ ಕೊಟ್ಟಿದ್ದವು. ಎಲ್ಲ ಒಟ್ಟಿಗೆ ಬಂದು ಬಿದ್ದವು. ಹಾಗಂತ ಬೇಡಿಕೆ ಇದ್ದರೆ ಎಲ್ಲ ಸರಿಹೋಗುತ್ತೆ ಅಂತಲೂ ಅಲ್ಲ. ಅಟ್ಲಾಸ್ ಸೈಕಲ್ ಕಂಪನಿ ಸಾಹಿಬಾಬಾದ್ ಕಾರ್ಖಾನೆಯ ಬಾಗಿಲು ಹಾಕಿದ್ದು 2020ರ ಜೂನ್ 3ರಂದು. ವಿಶ್ವ ಸೈಕಲ್ ದಿನ ಅದು! ಸೈಕಲ್‌ಗೆ ಒಳ್ಳೆ ಕಾಲ ಶುರುವಾಗುವ ಹೊತ್ತು. ಕಚ್ಚಾ ಮಾಲು ಕೊಳ್ಳಲೂ ದುಡ್ಡಿಲ್ಲ ಅಂತ ಗೇಟಿಗೆ ನೋಟಿಸ್ ಅಂಟಿಸಿದ್ದರು.

ನಿಮ್ಮ ಹತ್ತಿರ ಎಷ್ಟು ಥರದ ಹಬ್ ಇದೆ ಅಂತ ಎಣಿಸಿದ್ದೀರಾ? ನಿಮ್ಮ ಬೆಲೆಪಟ್ಟಿ ನೋಡಿ ನಾನು ಎಣಿಸಿದೆ. ಹಿಂದಿನ ಹಬ್ಬಿಗೆ ಅಚ್ಚಿನ ಅಗಲ ಮೂರು: 135, 142, 148 ಮಿಲಿಮೀಟರ್. ಫ್ರೀಹಬ್ ಮೂರು: ಶಿಮಾನೊದ ಹಳೇ ಎಚ್‌ಜಿ, ಸ್ರ್ಯಾಮ್‌ನ ಎಕ್ಸ್‌ಡಿ, ಶಿಮಾನೊದ ಮೈಕ್ರೋ ಸ್ಪ್ಲೈನ್. ತೂತು ಮೂರು: 28, 32, 36. ಬ್ರೇಕ್ ಡಿಸ್ಕ್ ಕೂರಿಸುವ ರೀತಿ ಎರಡು: ಆರು ಬೋಲ್ಟಿನದು, ನಡುವೆ ಒಂದೇ ಉಂಗುರದಿಂದ ಬಿಗಿಸುವ ಸೆಂಟರ್‌ಲಾಕ್. ಬಣ್ಣ ಐದು. ಗುಣಿಸಿದರೆ 270. ಮುಂದಿನ ಹಬ್ಬಿನಲ್ಲಿ ಇನ್ನೂ 60. ಒಂಬತ್ತು ಜನರ ವರ್ಕ್‌ಶಾಪಿನಲ್ಲಿ 330 ಥರ! 640 ಹಿಂದಿನ ಹಬ್‌ಗಳನ್ನು 270ಕ್ಕೆ ಹಂಚಿದರೆ ಒಂದೊಂದು ಥರಕ್ಕೆ ಎರಡೂ ಚಿಲ್ಲರೆ. ಅದಕ್ಕೇ ಹೀಗಾಗುತ್ತೆ: ಗೋಡೌನ್ ತುಂಬಾ ಮಾಲು, ಗಿರಾಕಿ ಕೇಳಿದ್ದು ಮಾತ್ರ ಇಲ್ಲ. ಅವನು 32 ತೂತಿನ ಕಪ್ಪು ಕೇಳುತ್ತಾನೆ, ಶೆಲ್ಫ್‌ನಲ್ಲಿ ಇರುವುದು 28 ತೂತಿನ ನೇರಳೆ.

ಈ ಅಳತೆಗಳು ನೀವು ಮಾಡಿಕೊಂಡ ತಲೆನೋವಲ್ಲ. ದೊಡ್ಡವರು ಎರಡು ವರ್ಷಕ್ಕೊಂದು ಹೊಸ ಅಳತೆ ತರುತ್ತಾರೆ, ಸಣ್ಣವರ ಗೋಡೌನ್ ಹಳೇದಾಗುತ್ತೆ. ಮೈಕ್ರೋ ಸ್ಪ್ಲೈನ್ 2018ರಲ್ಲಿ ಬಂದಾಗ ಶಿಮಾನೊ ಶುರುವಿನಲ್ಲಿ ಬೆರಳೆಣಿಕೆಯ ಕಂಪನಿಗಳಿಗೆ ಮಾತ್ರ ಅದನ್ನು ಮಾಡಲು ಪರವಾನಗಿ ಕೊಟ್ಟಿತ್ತು. ಅಂದಹಾಗೆ ನಿಮ್ಮ ಹತ್ತಿರ ಪರವಾನಗಿ ಪತ್ರ ಇದೆಯಾ? ಇಲ್ಲದಿದ್ದರೆ ಮೊದಲು ಅದನ್ನು ಸರಿ ಮಾಡಿಕೊಳ್ಳಿ. ಎಕ್ಸ್‌ಪೋರ್ಟ್ ಮಾತು ಎತ್ತುವ ಮುಂಚೆಯಂತೂ ಖಂಡಿತ.

ನೀವು ಮಾಡಬಹುದಾದ್ದು ಶೆಲ್, ಅಂದರೆ ಹಬ್ಬಿನ ಹೊರ ಚಿಪ್ಪಿನ ಥರ ಕಡಿಮೆ ಮಾಡುವುದು. 135 ಮತ್ತು 142 ಒಂದೇ ಶೆಲ್, ಎರಡು ಕಡೆಯ ಕ್ಯಾಪ್ ಮಾತ್ರ ಬೇರೆ. 148ಕ್ಕೆ ಬೇರೆ ಶೆಲ್ ಬೇಕೇ ಬೇಕು. 142ಕ್ಕೆ ಸೆಂಟರ್‌ಲಾಕ್ ಮಾತ್ರ ಇಡಿ, ಆರು ಬೋಲ್ಟಿನ ಡಿಸ್ಕ್ ಇದ್ದವನು ಅಡಾಪ್ಟರ್ ಹಾಕಿಕೊಳ್ಳುತ್ತಾನೆ. 148 ಗುಡ್ಡಗಾಡಿನ ಸೈಕಲ್‌ಗೆ, ಅದಕ್ಕೆ ಆರು ಬೋಲ್ಟು ಸಾಕು. ತೂತು 28, 32. ಬಣ್ಣ ಎರಡು. ಹಿಂದಿನ ಹಬ್ಬಿಗೆ ಒಟ್ಟು 8 ಶೆಲ್. ಫ್ರೀಹಬ್ ಮೂರೂ ಬೇರೆ ಡಬ್ಬದಲ್ಲಿ, ಯಾವ ಶೆಲ್‌ಗಾದರೂ ಕೂರುವ ಹಾಗೆ. ಆರ್ಡರ್ ಬಂದ ದಿನ ಜೋಡಿಸಿ ಕಳಿಸಿ. 36 ತೂತು ಬೇಕು ಅನ್ನುವ ಟೂರಿಂಗ್ ಗಿರಾಕಿಗೆ ಮುಂಗಡ ಕೊಟ್ಟು ಆರು ವಾರ ಕಾಯಿರಿ ಅನ್ನಿ. ಕಾಯುತ್ತಾನೆ. ಟೂರಿಂಗ್‌ನವರು ನಿಧಾನದ ಜನ.

ನೇರಳೆ, ಕಿತ್ತಳೆ, ನೀಲಿ? ಒಂದೇ ಸಲ, ಹಳೆ ಗಿರಾಕಿಗಳಿಗೆ ಮಾತ್ರ, ಬೆಲೆ ಇಳಿಸಿ ಕೊಟ್ಟು ಮುಗಿಸಿ. ಕಪ್ಪಿನ ಬೆಲೆ ಮುಟ್ಟಬೇಡಿ. 14,000ದ್ದು ಒಮ್ಮೆ 9,000ಕ್ಕೆ ಸಿಕ್ಕಿತು ಅಂದರೆ ಅದರ ಬೆಲೆ ಆಮೇಲೆ 9,000ವೇ.

ಈಗ 14,000 ಕೊಡುವವನು ಯಾಕೆ ಕೊಡುತ್ತಾನೆ ಅಂತ ನೋಡೋಣ. ಹೊಳಪಿಗೆ ಅಂತ ನೀವು ಅಂದುಕೊಂಡಿದ್ದೀರಿ, ಅದಕ್ಕೇ ಐದು ಬಣ್ಣ. ನನಗೆ ಹಾಗನ್ನಿಸುವುದಿಲ್ಲ. 80 ಕೆ.ಜಿ. ತೂಕದ ಮನುಷ್ಯ ದೇವರಾಯನದುರ್ಗದ ಏರಿನಲ್ಲಿ ಎದ್ದು ನಿಂತು ತುಳಿಯುತ್ತಾನೆ ಅನ್ನಿ. ಗೇರಿಗೆ ಮುಂದೆ 32 ಹಲ್ಲು, ಹಿಂದೆ 51. ಫ್ರೀಹಬ್ ಮೇಲೆ ಬೀಳುವ ತಿರುಚು ಸುಮಾರು 220 ನ್ಯೂಟನ್ ಮೀಟರ್. ಕಾರಿನ ಚಕ್ರದ ನಟ್ಟು ಬಿಗಿಸುವುದರ ಎರಡರಷ್ಟು. ಅದನ್ನು ತಡೆಯುವುದು ಉಗುರಿನಷ್ಟು ದೊಡ್ಡ ಕೆಲವು ಕಚ್ಚುಗಳು. ಅವು ಸವೆಯುತ್ತವೆ, ಸವೆಯಲೇಬೇಕು. ಸವೆದಾಗ ಬೇರೆ ಸಿಗುತ್ತಾ? ಗಿರಾಕಿ ಕೇಳುವುದು ಇದನ್ನೇ. ಐದು ವರ್ಷದ ಮೇಲೆ ಒಂದು ಸ್ಪ್ರಿಂಗು, ಒಂದು ಸೀಲು ಸಿಗದೆ ಒಳ್ಳೇ ಹಬ್ ಎಸೆದವರು ಬೆಂಗಳೂರಿನಲ್ಲಿ ಎಷ್ಟು ಜನ ಬೇಕು?

ನಮ್ಮೂರಿನ ಎಚ್‌ಎಂಟಿ ಗಡಿಯಾರ ನೋಡಿ. ತುಮಕೂರಿನ ಕಾರ್ಖಾನೆ 2016ರಲ್ಲಿ ಮುಚ್ಚಿತು, ಜಾಗ ಇಸ್ರೋಗೆ ಹೋಯಿತು. 1987ರಲ್ಲಿ ಟೈಟನ್ ಬಂದ ಮೇಲೆ ಎಚ್‌ಎಂಟಿ ಏನೇನು ತಪ್ಪು ಮಾಡಿತು ಅನ್ನುವುದು ದೊಡ್ಡ ಕಥೆ, ಇಲ್ಲಿ ಬೇಡ. ಆದರೆ ಇವತ್ತಿಗೂ ಹಳೇ ಜನತಾ, ಪೈಲಟ್ ಹುಡುಕಿ ಕೊಳ್ಳುವವರು ಇದ್ದಾರೆ. ಅವರು ಕೇಳುವ ಮೊದಲ ಪ್ರಶ್ನೆ "ರಿಪೇರಿ ಮಾಡುವವರು ಇದ್ದಾರಾ, ಪಾರ್ಟು ಸಿಗುತ್ತಾ?" ಡಯಲ್ ಬಣ್ಣ ಆಮೇಲೆ.

ಹೊರಗಡೆ ಉಳಿದುಕೊಂಡಿರುವ ಸಣ್ಣ ಹಬ್ ತಯಾರಕರನ್ನು ನೋಡಿದರೂ ಇದೇ. ಇಂಗ್ಲೆಂಡಿನ ಹೋಪ್ ಶುರುವಾಗಿದ್ದು 1989ರಲ್ಲಿ, ಬಾರ್ನೋಲ್ಡ್ಸ್‌ವಿಕ್ ಅನ್ನುವ ಸಣ್ಣ ಊರಿನಲ್ಲಿ. ವಿಮಾನದ ಎಂಜಿನ್ ಕೆಲಸ ಕಲಿತ ಇಬ್ಬರು ಎಂಜಿನಿಯರ್‌ಗಳು ಶುರು ಮಾಡಿದ್ದು. ಈಗಲೂ ಅದೇ ಊರಲ್ಲಿ ಕೊರೆಯುತ್ತಾರೆ, ಹಳೇ ಹಬ್ಬಿಗೂ ಬಿಡಿಭಾಗ ಕೊಡುತ್ತಾರೆ. ಅಮೆರಿಕದ ಕ್ರಿಸ್ ಕಿಂಗ್ 1976ರಿಂದ ಇದೆ. ಅವರು ಬೇರಿಂಗನ್ನೂ ತಾವೇ ಮಾಡುತ್ತಾರೆ. ಕ್ಲಿಪ್ ತೆಗೆದು, ಸೀಲ್ ಎತ್ತಿ, ತೊಳೆದು, ಗ್ರೀಸ್ ತುಂಬಿ ಮತ್ತೆ ಹಾಕಬಹುದು. ಬೇರಿಂಗ್ ಮಾಡುವುದು ನಿಮ್ಮ ಕೈಯಲ್ಲಿ ಆಗದ ಮಾತು, ಬೇಡ. ಆದರೆ 2019ರಲ್ಲಿ ಮಾರಿದ ಮೊದಲ ಹಬ್ಬಿಗೂ ಬಿಡಿಭಾಗ ಸಿಗುತ್ತೆ, ಬೆಲೆ ಇಷ್ಟು, ಮೂರು ದಿನದಲ್ಲಿ ಕಳಿಸುತ್ತೇವೆ ಅಂತ ಬೆಲೆಪಟ್ಟಿ ಹಾಕುವುದು ನಿಮ್ಮ ಕೈಯಲ್ಲಿದೆ. ಇದಕ್ಕೆ ಹೊಸ ಮಿಷಿನ್ ಬೇಡ. ಒಂದು ಬೀರು, ನೂರು ಡಬ್ಬ, ಲೆಕ್ಕ ಬರೆಯುವ ಒಬ್ಬರು ಸಾಕು.

ಇನ್ನೊಂದು ದಾರಿ ನೀವು ಕೇಳಿಯೇ ಇಲ್ಲ. ಚಕ್ರ ಕಟ್ಟಿ ಮಾರಿ. ಬರೀ ಹಬ್ ಕೊಂಡವನು ರಿಮ್ ಹುಡುಕಬೇಕು, ಕಡ್ಡಿಯ ಉದ್ದ ಲೆಕ್ಕ ಹಾಕಬೇಕು, ಕಟ್ಟುವವರನ್ನು ಹುಡುಕಬೇಕು. ಅಷ್ಟು ಹುಚ್ಚು ಎಲ್ಲರಿಗೂ ಇರುವುದಿಲ್ಲ. ಭಾನುವಾರ ಬೆಳಗಿನ ಜಾವ ನಂದಿಬೆಟ್ಟದ ಬುಡದಲ್ಲಿ ನಿಂತು ನೋಡಿ. ಲಕ್ಷ, ಎರಡು ಲಕ್ಷದ ಸೈಕಲ್‌ಗಳು ಸಾಲುಗಟ್ಟಿ ಹತ್ತುತ್ತವೆ. ಅವರಲ್ಲಿ ಹಬ್ ಬೇಕು ಅನ್ನುವವರು ಹತ್ತು ಜನ ಸಿಕ್ಕರೆ ಹೆಚ್ಚು. ಒಳ್ಳೆ ಚಕ್ರ ಬೇಕು ಅನ್ನುವವರು ಅದಕ್ಕಿಂತ ಎಷ್ಟೋ ಜಾಸ್ತಿ. ಬೆಂಗಳೂರು ನಿಮ್ಮಿಂದ 70 ಕಿಲೋಮೀಟರ್. ಚಕ್ರಕ್ಕೆ ಏನಾದರೂ ಆದರೆ ಅವತ್ತೇ ಬಸ್ಸಿಗೆ ಹಾಕಿ ಕಳಿಸಬಹುದು. ತೈವಾನ್‌ನವರಿಗೆ ಈ ಅನುಕೂಲ ಇಲ್ಲ.

ಕಟ್ಟುವುದು ಕಲಿಯುವ ಕೆಲಸ. ತಾಳ್ಮೆ ಇರುವ ಇಬ್ಬರನ್ನು ಆರಿಸಿ. ಚಕ್ರದ ಓರೆ ತಿದ್ದುವ ಟ್ರೂಯಿಂಗ್ ಸ್ಟ್ಯಾಂಡು, ಕಡ್ಡಿಯ ಬಿಗಿತ ಅಳೆಯುವ ಮೀಟರು ಬೇಕು. ಡ್ರೈವ್ ಬದಿಯ (ಚೈನ್ ಇರುವ ಕಡೆಯ) ಕಡ್ಡಿ 100ರಿಂದ 120 ಕೆ.ಜಿ. ಬಿಗಿತದಲ್ಲಿ, ಒಂದಕ್ಕೊಂದು ಹೆಚ್ಚು ವ್ಯತ್ಯಾಸ ಇಲ್ಲದೆ ನಿಂತರೆ ಚಕ್ರ ವರ್ಷಗಟ್ಟಲೆ ಅಲ್ಲಾಡುವುದಿಲ್ಲ. ಶುರುವಿಗೆ ಅಲ್ಯೂಮಿನಿಯಂ ರಿಮ್ ಮಾತ್ರ. ಕಾರ್ಬನ್ ರಿಮ್ ಒಡೆದರೆ ಬೈಗುಳ ಹಬ್ ಮಾಡಿದವರಿಗೇ ಬರುತ್ತೆ. ತಿಂಗಳಿಗೆ 15 ಜೊತೆ ಚಕ್ರ ಹೋದರೂ ಸಾಕು, ವರ್ಷಕ್ಕೆ 180 ಜೊತೆ ಹಬ್ ಪೂರ್ತಿ ಬೆಲೆಗೆ ಖಾಲಿಯಾಯಿತು.

ತೈವಾನ್ ಹಬ್ ತರಿಸಿ ಹೆಸರು ಹಾಕುವ ಯೋಚನೆ ಬಿಡಿ. ಅದೇ ಹಬ್ ಬೇರೆ ಮೂರು ಹೆಸರಿನಲ್ಲಿ ಸಿಗುತ್ತೆ, ಗಿರಾಕಿ ಒಂದು ಸಂಜೆಯಲ್ಲಿ ಕಂಡುಹಿಡಿಯುತ್ತಾನೆ. ಆಮೇಲೆ ನೀವೇ ಕೊರೆದ ಹಬ್ಬನ್ನೂ ನಂಬುವುದಿಲ್ಲ.

ಎಕ್ಸ್‌ಪೋರ್ಟ್ ಮುಂದೆ ಯೋಚಿಸಬಹುದು, ಈಗ ಬೇಡ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಮಾಲಿನ ಮೇಲಿನ ಸುಂಕವನ್ನು ಒಂದೇ ತಿಂಗಳಲ್ಲಿ 50%ಕ್ಕೆ ಏರಿಸಿದ್ದು ನೋಡಿದ್ದೀರಿ. ಸುಂಕ ಏರುತ್ತೆ, ಇಳಿಯುತ್ತೆ. ನನಗೆ ಅದಕ್ಕಿಂತ ಭಯ ಇರುವುದು ಮಾಲು ವಾಪಸ್ ಕರೆಸಿಕೊಳ್ಳುವುದರ ಬಗ್ಗೆ. 2023ರ ಸೆಪ್ಟೆಂಬರಿನಲ್ಲಿ ಶಿಮಾನೊದ ಅಂಟಿಸಿದ ಕ್ರ್ಯಾಂಕ್‌ಗಳು (ಪೆಡಲ್ ಕೂರುವ ತೋಳು) ಬಿಟ್ಟುಕೊಳ್ಳುತ್ತಿವೆ ಅಂತ ಅಮೆರಿಕ, ಕೆನಡಾ ಎರಡರಲ್ಲೇ 7,60,000 ಕ್ರ್ಯಾಂಕ್‌ಗಳನ್ನು ಪರೀಕ್ಷೆಗೆ ಕರೆಸಬೇಕಾಯಿತು. ಶಿಮಾನೊ ತಡೆದುಕೊಂಡಿತು. ನಿಮಗೆ 200 ಹಬ್ ಜರ್ಮನಿಯಿಂದ ವಾಪಸ್ ಬಂದರೆ ವಿಎಂಸಿ ಮಾರಬೇಕಾಗುತ್ತೆ. ವಿಮೆ ಇಲ್ಲದೆ, ಬೋರ್‌ಗೆ ಬಿರಡೆ ಹಾಕಿದ್ದಾರಾ ಅಂತ ನೋಡುವ ಪದ್ಧತಿ ಇಲ್ಲದೆ ಹೊರಗೆ ಒಂದು ಹಬ್ಬೂ ಕಳಿಸಬೇಡಿ.

ಕೈಯಲ್ಲಿ ದುಡ್ಡು ಬರುವ ಒಂದು ಸಣ್ಣ ದಾರಿ ನಿಮ್ಮ ಆಡಿಟರ್ ಹತ್ತಿರ ಇರಬಹುದು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗಗಳ ಜಿಎಸ್‌ಟಿ 12%ನಿಂದ 5%ಕ್ಕೆ ಇಳಿದಿದೆ. ಆದರೆ ನೀವು ಕೊಳ್ಳುವ ಅಲ್ಯೂಮಿನಿಯಂ, ಬೇರಿಂಗಿಗೆ 18%. ಕಟ್ಟಿದ ತೆರಿಗೆ ನಿಮ್ಮ ಖಾತೆಯಲ್ಲಿ ತುಂಬುತ್ತಾ ಹೋಗುತ್ತೆ, ವಾಪಸ್ ಕೇಳಿದರೆ ಸಿಗುತ್ತೆ. ಕಚ್ಚಾ ಮಾಲಿನದು ಮಾತ್ರ. ವಿಎಂಸಿ ಮೇಲೆ ಕಟ್ಟಿದ್ದು, ಆನೊಡೈಸಿಂಗ್‌ನವರ ಬಿಲ್ಲಿನದು ಹೀಗೆ ಸಿಗುವುದಿಲ್ಲ. ನಿಮ್ಮ ವಿಷಯದಲ್ಲಿ ಕಚ್ಚಾ ಮಾಲು ಸಣ್ಣದೇನಲ್ಲ. ಹಿಂದಿನ ಶೆಲ್‌ಗೆ ನೀವು ಕತ್ತರಿಸುವ 65 ಮಿಲಿಮೀಟರ್ ಬಾರ್ ತುಂಡು ಒಂದು ಕೆ.ಜಿ.ಗೆ ಸ್ವಲ್ಪ ಕಡಿಮೆ. ಮುಗಿದ ಶೆಲ್ ತೂಗಿದೆ, 142 ಗ್ರಾಂ. ಉಳಿದದ್ದೆಲ್ಲ ತುರಿಯಾಗಿ ಗುಜರಿಗೆ. ಫೋರ್ಜಿಂಗ್ (ಬಿಸಿ ಲೋಹವನ್ನು ಡೈ ಒಳಗೆ ಒತ್ತಿ ಆಕಾರ ಕೊಡುವುದು) ಮಾಡಿಸಿದರೆ ಇದು ಉಳಿಯುತ್ತೆ ಅಂತ ಯಾರಾದರೂ ಹೇಳುತ್ತಾರೆ. ನಿಜ, ಆದರೆ ಡೈ ಖರ್ಚು ಹುಟ್ಟುವಷ್ಟು ಸಂಖ್ಯೆ ನಿಮ್ಮಲ್ಲಿಲ್ಲ. ಹಿಂದಿನ ಹಬ್ಬಿನ 270 ಥರ 8 ಶೆಲ್ ಆದ ಮೇಲೆ ಒಮ್ಮೆ ಆ ಲೆಕ್ಕ ಹಾಕಿ ನೋಡೋಣ.

ಮನೆಯವರು ಹೇಳುವುದರಲ್ಲಿ ಅರ್ಧ ಸತ್ಯ ಇದೆ. ಜಾಬ್‌ವರ್ಕ್ ಬಿಡಬೇಡಿ. ಸಂಬಳ, ಕಂತು ಎರಡೂ ಅದರಿಂದಲೇ ಹೋಗಲಿ. ವಾರದಲ್ಲಿ ನಾಲ್ಕು ದಿನ ಅದು, ಎರಡು ದಿನ ಹಬ್. ಮುಂದಿನ ಆರು ತಿಂಗಳು ಹೊಸ ಹಬ್ ಶೆಲ್ ಕೊರೆಯುವುದೇ ಬೇಡ, ಬಿಡಿಭಾಗ ಮಾತ್ರ ಕೊರೆಯಿರಿ. ಸಂಬಳಕ್ಕಾಗಿ ಹಬ್ ಮಾರಬೇಕಾದ ದಿನ ಬಂದರೆ ಅವತ್ತು ನೀವು 5,200ಕ್ಕೂ ಒಪ್ಪುತ್ತೀರಿ. ಪರ್ಚೇಸ್‌ನವರಿಗೆ ಅದರ ವಾಸನೆ ಬೇಗ ಬಡಿಯುತ್ತೆ, ನನಗೂ ಬಡಿಯುತ್ತಿತ್ತು.

ನಿಮ್ಮ ಹಬ್ಬಿನ ಎಡ ಬೋರ್ ಒಳಗಿನ ಬಣ್ಣವನ್ನು ನಾನು ತೆಗೆಸಿಲ್ಲ. ಆನೊಡೈಸಿಂಗ್‌ನವರಿಗೆ ತೋರಿಸಲು ಅದು ಹಾಗೇ ಇರಲಿ. ಮುಂದಿನ ಶನಿವಾರ ತುಮಕೂರಿಗೆ ಬರುತ್ತಿದ್ದೇನೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಹತ್ತು ಗಂಟೆಗೆ ನಿಮ್ಮಲ್ಲಿರುತ್ತೇನೆ. ಅಷ್ಟರೊಳಗೆ 640 ಜೊತೆಯನ್ನು ಅಗಲ, ತೂತು, ಬಣ್ಣದ ಪ್ರಕಾರ ಎಣಿಸಿ ಒಂದು ಹಾಳೆಯಲ್ಲಿ ಬರೆದಿಡಿ. ಗರಗರ ಅನ್ನುವ ಹಬ್‌ಗಳನ್ನು ಬೇರೆ ಮೇಜಿನ ಮೇಲಿಡಿ.